ಮೇಸ್ತ್ರಿಯನ್ನು ಎಬ್ಬಿಸುವ ಸ್ಕ್ರಿಪ್ಟ್

ಫಕ್ಕೀರವ್ವನ ದನಿ ಇದ್ದದ್ದು ಕೆಂಗೊಂಡದ ಊರಾಚೆ, ಹಳೇ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ. ಕೊರಳು ಮಾತ್ರ ಮನೆಯಲ್ಲಿತ್ತು.

ಕೊರಳಿನಿಂದ ದನಿಯನ್ನು ಬೇರೆ ಮಾಡಿದವರು ಯಾರೆಂಬುದು ಊರಿಗೆಲ್ಲ ಗೊತ್ತು; ಕೋರ್ಟಿಗೆ ಇನ್ನೂ ಗೊತ್ತಾಗಿಲ್ಲ. ಕೆಂಗೊಂಡದ ಹೆಂಗಸರು ಒಣಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಿಕೊಂಡು ಬದುಕಿದವರು. ಘಾಟಿಗೆ ಕೆಮ್ಮಿದವರು, ಉರಿಯುವ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿದವರು. ಹಾಗಂತ ಬಾಯಿ ಕಟ್ಟಿಸಿಕೊಂಡವರಲ್ಲ. ರಾಶಿಯ ಮುಂದೆ ಕೂತರೆ ಹಾಡು, ಬೈಗುಳ, ಊರ ಸುದ್ದಿ ಎಲ್ಲವೂ ತುಂಬಿನ ಜೊತೆಗೇ ಉದುರುತ್ತಿದ್ದವು. ಕಾಯಿಯ ಕೆಂಪು ವರ್ಷಗಟ್ಟಲೆ ಮಾಸಬಾರದೆಂದು ವ್ಯಾಪಾರಿಗಳು ಒಂದು ಹೊಸ ಸಿಂಪಡಣೆ ತಂದರು. ಕೆಂಪು ಮಾಸಲಿಲ್ಲ ನಿಜ. ಆ ಕಾಯಿಯ ಮುಂದೆ ದಿನವಿಡೀ ಕೂತವರ ಗಂಟಲ ತಂತುಗಳು ಮಾತ್ರ ಒಣಗಿದ ತೊಗಲಿನಂತೆ ಬಿರುಸಾದವು. ಮೊದಲು ದನಿ ಒಡೆಯಿತು, ಆಮೇಲೆ ಬರೀ ಗಾಳಿಯಾಯಿತು, ಕೊನೆಗೆ ಅದೂ ಇಲ್ಲ.

ಪರಿಹಾರ ಕೇಳಿದ್ದಕ್ಕೆ ಸರಕಾರ ತಾಯತ ಕೊಟ್ಟಿತು. ಕಾಗದದ ಮೇಲೆ ಅದಕ್ಕೆ ಉದ್ದನೆಯ ಹೆಸರಿತ್ತು. ಕೊರಳಿಗೆ ಕಟ್ಟುವುದನ್ನೆಲ್ಲ ತಾಯತ ಅನ್ನುವ ಊರು ಇದನ್ನೂ ಹಾಗೇ ಕರೆಯಿತು. ಮಾತಾಡಬೇಕೆಂದು ಗಂಟಲು ಮಿಡುಕಿದರೆ ತಾಯತ ಆ ಮಿಡುಕನ್ನು ಹಿಡಿದು ಗಾಳಿಯಲ್ಲೇ ಕೋಲ್ಡ್ ಸ್ಟೋರೇಜಿಗೆ ಕಳಿಸುತ್ತದೆ. ಅಲ್ಲಿ ಮೆಣಸಿನಕಾಯಿ ಚೀಲಗಳಿದ್ದ ಜಾಗದಲ್ಲಿ ಈಗ ಸರ್ವರುಗಳ ಸಾಲು. ಹಳೇ ಘಾಟು ಗೋಡೆಗೆ ಎಷ್ಟು ಹಿಡಿದಿದೆಯೆಂದರೆ ಒಳಗೆ ಕಾಲಿಟ್ಟ ಎಂಜಿನಿಯರು ಮೊದಲು ಸೀನಿ ಆಮೇಲೆ ನಮಸ್ಕಾರ ಹೇಳುತ್ತಾನೆ. ಒಂದೊಂದು ಕಬ್ಬಿಣದ ಸರ್ವರಿನೊಳಗೂ ವಠಾರದ ಕೋಣೆಗಳ ಹಾಗೆ ಹಲವಾರು ಕಂಪ್ಯೂಟರುಗಳು. ಕಬ್ಬಿಣವೂ ತಂತಿಯೂ ಇಲ್ಲದ, ಬರೀ ಲೆಕ್ಕಾಚಾರದಲ್ಲಿ ಬದುಕಿರುವ ಕಂಪ್ಯೂಟರುಗಳು. ಒಬ್ಬೊಬ್ಬ ಹೆಂಗಸಿಗೆ ಒಂದೊಂದು. ಫಕ್ಕೀರವ್ವನದು ಅವಳ ಮಾತಿನ ವರಸೆಯನ್ನೆಲ್ಲ ಕಲಿತು, ಮಿಡುಕನ್ನು ದನಿ ಮಾಡಿ, ರೆಪ್ಪೆ ಬಡಿಯುವುದರೊಳಗೆ ತಾಯತದ ಸಣ್ಣ ಸ್ಪೀಕರಿಗೆ ಹಿಂದಿರುಗಿಸುತ್ತದೆ.

ಈ ಕೋಣೆಗಳನ್ನೆಲ್ಲ ನೋಡಿಕೊಳ್ಳಲು ಬೇರೊಂದು ಸರ್ವರ್ ಇತ್ತು. ತಾಯತದವರು ಬಹಳ ಹೊತ್ತು ಸುಮ್ಮನಿದ್ದರೆ ಅವರ ದನಿಯನ್ನು ಮಲಗಿಸುವುದು, ಗಂಟಲು ಮಿಡುಕಿದ ಕೂಡಲೇ ಎಬ್ಬಿಸಿ ಒಂದು ಕೋಣೆ ತೋರಿಸುವುದು ಅದರ ಕೆಲಸ. ಅಲ್ಲಿ ಎಂಜಿನಿಯರಾಗಿದ್ದ ಸುವರ್ಣಾ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದಳು. ಮೇಸ್ತ್ರಿ ತಾನು ಮಾತಾಡುವುದಿಲ್ಲ, ಮಾತಾಡುವವರನ್ನು ಎಬ್ಬಿಸುತ್ತಾನೆ. ಅವನು ಮೂರ್ಛೆ ಹೋದರೆ ಎಚ್ಚರವಿದ್ದ ದನಿಗಳಿಗೆ ಏನೂ ಆಗದು. ಮಲಗಿದ್ದವು ಮಾತ್ರ ಏಳುವುದಿಲ್ಲ.

ಸುವರ್ಣಾ ಫಕ್ಕೀರವ್ವನ ಸೊಸೆ. ಗಂಡ ನಿಂಗಪ್ಪ ಲಾರಿ ಡ್ರೈವರ್. ಮನೆಗಿಂತ ಹೆದ್ದಾರಿಯಲ್ಲೇ ಹೆಚ್ಚು. ಹೀಗಾಗಿ ಮನೆಯಲ್ಲಿ ಅತ್ತೆ, ಸೊಸೆ ಮತ್ತು ಇಬ್ಬರ ನಡುವಿನ ಜಗಳ, ಇಷ್ಟೇ ಮಂದಿ.

"ಅತ್ತೀ, ಅವಲಕ್ಕಿಗೆ ಉಪ್ಪು ಹಾಕೀರೇನ್ರಿ?"

"ಹಾಕೀನಿ. ನಿನ್ನ ಕಂಪ್ಯೂಟರಿನ ಕೇಳು, ಅದಕ್ಕ ಗೊತ್ತಿರತೈತಿ."

"ಅದಕ್ಕ ನಿಮ್ಮ ಮಾತು ಗೊತ್ತು, ನಿಮ್ಮ ಕೈ ಗೊತ್ತಿಲ್ರಿ."

"ಹಂಗಾರ ಅದನ್ನೂ ಕಲಿಸು. ನಾ ಸತ್ತ ಮ್ಯಾಲೆ ನಿನಗ ಉಪ್ಪಿನ ಅವಲಕ್ಕಿ ಮಾಡಿ ಹಾಕತೈತಿ."

ಹೀಗೆ ನಡೆಯುತ್ತಿದ್ದ ಮನೆಯಲ್ಲಿ ಒಂದು ಮಧ್ಯಾಹ್ನ ಫಕ್ಕೀರವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟ ಹಿಡಿದುಕೊಂಡಿತು. ಕೂಗಿದಳು, ದನಿ ಏಳಲಿಲ್ಲ. ಅತ್ತ ಕೋಲ್ಡ್ ಸ್ಟೋರೇಜಿನಲ್ಲಿ ಮೇಸ್ತ್ರಿಗೆ ಮೂರ್ಛೆ. ಅವನನ್ನು ಕಾಯುವ ಹುಡುಗಿಯರಲ್ಲಿ ಆ ಹೊತ್ತಿನವಳು ಊಟಕ್ಕೆ ಹೋಗಿದ್ದಳು. ಊಟ ಮಾಡುವುದು ತಪ್ಪಲ್ಲ, ಒಬ್ಬಳನ್ನೇ ಕಾಯಲು ಬಿಟ್ಟದ್ದು ತಪ್ಪು. ಪಕ್ಕದ ಮನೆಯ ಖಾಜಾಬಿ, ಅವಳೂ ತಾಯತದವಳೇ, ಸಕ್ಕರೆ ಕೇಳಲು ಬಂದು ನೋಡುವ ತನಕ ಫಕ್ಕೀರವ್ವ ಒದ್ದೆ ಕಲ್ಲಿನ ಮೇಲೆ ಬಾಯಿ ತೆರೆದು ಮುಚ್ಚುತ್ತ ಬಿದ್ದಿದ್ದಳು.

ಆಸ್ಪತ್ರೆಯಿಂದ ಬಂದ ಮರುದಿನವೇ ಸುವರ್ಣಾ ಸ್ಕ್ರಿಪ್ಟ್ ಬರೆಯಲು ಕೂತಳು. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಹೇಳಿಟ್ಟ ಕೆಲಸದ ಸಾಲು, ಅಷ್ಟೇ. ಅವಳದು ಹೀಗಿತ್ತು: ಮೇಸ್ತ್ರಿಯನ್ನು ಆಗಾಗ 'ಇದ್ದೀಯೇನು?' ಎಂದು ಕೇಳುವುದು. ಬೆನ್ನುಬೆನ್ನಿಗೆ ಕೇಳಿದರೂ ಉತ್ತರವಿಲ್ಲದಿದ್ದರೆ ಯಾರನ್ನೂ ಕಾಯದೆ ಅವನನ್ನು ಕೆಡವಿ ಮತ್ತೆ ಎಬ್ಬಿಸುವುದು. ಎಷ್ಟು ಹೊತ್ತು ಕಾಯಬೇಕು ಎಂಬ ಜಾಗದಲ್ಲಿ ಅವಳ ಬೆರಳು ಒಂದು ಗಳಿಗೆ ನಿಂತಿತು. ಒದ್ದೆ ಕಲ್ಲು ಕಣ್ಣಿಗೆ ಬಂತು. ಅತಿ ಕಡಿಮೆ ಹಾಕಿದಳು.

ಎಬ್ಬಿಸುವುದಕ್ಕೂ ಒಂದು ಕ್ರಮ ಬೇಕು. ಮೊದಲ ಸಲ ಅದು ತಪ್ಪಿತು. ಯಾವ ದನಿ ಯಾರದು ಎಂಬ ಮೇಸ್ತ್ರಿಯ ನೆನಪು ಪೂರ್ತಿ ಏಳುವ ಮೊದಲೇ ಸ್ಕ್ರಿಪ್ಟ್ ಬಾಗಿಲು ತೆರೆದುಬಿಟ್ಟಿತು. ಅವತ್ತು ಸಂಜೆ ಫಕ್ಕೀರವ್ವ ಖಾಜಾಬಿಯ ದನಿಯಲ್ಲಿ ಹಾಲಿನವನನ್ನು ಬೈದಳು. ಖಾಜಾಬಿ ಗೋಡೆಯಾಚೆಯಿಂದ ಓಡಿ ಬಂದು, ಫಕ್ಕೀರವ್ವನ ದನಿಯಲ್ಲಿ, "ತೋಬಾ ತೋಬಾ! ನನ್ನ ದನಿ ಹುಟ್ಟಿದಾಗಿಂದ ಇಂಥಾ ಮಾತಾಡಿದ್ದಿಲ್ಲವಾ!" ಎಂದಳು. ಇಬ್ಬರೂ ಒಬ್ಬರ ಬಾಯಿ ಒಬ್ಬರು ನೋಡುತ್ತ ನಕ್ಕೂ ನಕ್ಕೂ ಕಟ್ಟೆಯ ಮೇಲೆ ಕುಸಿದರು. ನಗು ಮಾತ್ರ ಯಾರದೆಂದು ತಿಳಿಯಲಿಲ್ಲ. ಮರುದಿನ ಸುವರ್ಣಾ ಕ್ರಮ ಸರಿಮಾಡಿದಳು: ಮೊದಲು ನೆನಪು, ಅದು ಎದ್ದದ್ದು ಖಾತ್ರಿಯಾದ ಮೇಲೆ ಮೇಸ್ತ್ರಿ, ಕಡೆಗೆ ಬಾಗಿಲು.

ಕಂಪನಿಗೆ ಸ್ಕ್ರಿಪ್ಟ್ ಬಹಳ ಹಿಡಿಸಿತು. ದನಿ ಸೇವೆಯ ಗುತ್ತಿಗೆ ಹಿಡಿದಿದ್ದ ಕಂಪನಿ ಅದು. ಅದರ ಮ್ಯಾನೇಜರ್ ಪಟ್ಟಣಶೆಟ್ಟಿ ಸುವರ್ಣಾಳನ್ನು ಕರೆದು ಶಾಲು ಹೊದಿಸಿದ. ಮೇಸ್ತ್ರಿ ತಾನೇ ಏಳುತ್ತಾನಲ್ಲ ಎಂದು ಅವನನ್ನು ಕಾಯುತ್ತಿದ್ದ ಮೂವರು ಹುಡುಗಿಯರನ್ನು ಅದೇ ವಾರ ಮನೆಗೆ ಕಳಿಸಿದ. ಯಂತ್ರ ಕೆಲಸವನ್ನು ಹಗುರ ಮಾಡುತ್ತದೆ ಎನ್ನುತ್ತಾರೆ. ಯಾರ ಕೆಲಸ, ಹಗುರಾದದ್ದು ಯಾರ ತಟ್ಟೆ ಎಂದು ಕೇಳುವವರು ಬೇಕು. ಉಗಿಯಂತ್ರದ ಕಾಲದಿಂದಲೂ ಬೇಕಾಗಿದ್ದಾರೆ.

ಮನೆಗೆ ಬಂದ ಶಾಲನ್ನು ಫಕ್ಕೀರವ್ವ ರೊಟ್ಟಿ ಬುಟ್ಟಿಯ ಮೇಲೆ ಮುಚ್ಚಿದಳು.

"ಅದು ಸನ್ಮಾನದ್ದು ರಿ ಅತ್ತಿ!"

"ಮೂರ ಮಂದಿ ರೊಟ್ಟಿ ಕಸಗೊಂಡ ಬಂದೈತಿ. ಇನ್ನ ನಮ್ಮ ರೊಟ್ಟಿನರ ಕಾಯಲಿ."

ಅವತ್ತು ಅತ್ತೆ ಸೊಸೆಗೆ ಒಂದು ರೊಟ್ಟಿ ಹೆಚ್ಚೇ ಬಡಿದು ಹಾಕಿದಳು. ಬೈದ ದಿನ ಹೆಚ್ಚು ಹಾಕುವುದು ಅವಳ ಪದ್ಧತಿ.

ಅಷ್ಟಕ್ಕೇ ನಿಲ್ಲಲಿಲ್ಲ. ಪಟ್ಟಣಶೆಟ್ಟಿ ಲೆಕ್ಕ ಹಾಕಿ ನೋಡಿದ: ಯಾವ ಗಳಿಗೆಯಲ್ಲಿ ಎಣಿಸಿದರೂ ಕೆಂಗೊಂಡದ ಪ್ರತಿ ನಾಲ್ವರು ಹೆಂಗಸರಲ್ಲಿ ಮಾತಾಡುತ್ತಿರುವವಳು ಒಬ್ಬಳು. ಹಾಗಾದರೆ ಉಳಿದ ಮೂವರಿಗೆ ಕಬ್ಬಿಣ ಯಾಕೆ, ಕರೆಂಟು ಯಾಕೆ? ಕಂಪನಿ 'ಪಾಳಿ ದನಿ' ಎಂಬ ಯೋಜನೆ ತಂದಿತು. ಒಬ್ಬೊಬ್ಬರಿಗೆ ದಿನದ ಒಂದು ಪಾಲು ಹೊತ್ತು ದನಿ. ಉಳಿದ ಹೊತ್ತಿನಲ್ಲಿ ಅದೇ ಕಬ್ಬಿಣ ಇನ್ನೊಬ್ಬರಿಗೆ. ಫಕ್ಕೀರವ್ವನ ಪಾಲಿಗೆ ಬಂದದ್ದು ಮಧ್ಯಾಹ್ನ.

"ಅಂದ್ರ ರಾತ್ರಿ ಎದಿ ನೋವು ಬಂದ್ರ," ಫಕ್ಕೀರವ್ವ ಕೇಳಿದಳು, "ಮಧ್ಯಾಹ್ನತನಕ ತಡಕೋ ಅಂತ ಎದಿಗೆ ಹೇಳಬೇಕೇನ?"

ಹೆಂಗಸರು ಊರೂರು ತಿರುಗಿ, ಕಚೇರಿ ಬಾಗಿಲಲ್ಲಿ ಕೂತು, ಕಡೆಗೆ ಒಂದು ಸಾರ್ವಜನಿಕ ಅಹವಾಲು ಸಭೆ ಗಿಟ್ಟಿಸಿದರು. ತೀರ್ಮಾನ ಕೊಡಲು ರಾಜಧಾನಿಯಿಂದ ಒಬ್ಬ ಅಧ್ಯಕ್ಷೆ ಬರುವವರಿದ್ದರು. ನಿಯಮ ಒಂದೇ: ವಿಷಯ ದನಿಯದ್ದಾದ ಕಾರಣ ಆಕ್ಷೇಪಣೆಯನ್ನು ಬಾಯಲ್ಲೇ ಹೇಳಬೇಕು. ಸಭೆಯಲ್ಲಿ ಹೇಳದ ಆಕ್ಷೇಪಣೆ ಇಲ್ಲವೆಂದೇ ಲೆಕ್ಕ.

"ಏನ್ ಹೇಳ್ತೀರಿ ಅತ್ತಿ ಅಲ್ಲಿ?" ಸಭೆಯ ಬೆಳಗ್ಗೆ ಸುವರ್ಣಾ ಅತ್ತೆಯ ತಾಯತದ ಗಂಟು ಬಿಗಿ ಮಾಡುತ್ತ ಕೇಳಿದಳು.

"ಹೇಳೂದೇನೈತಿ? ಬೈತೀನಿ."

"ಬೈದ್ರ ಬರಕೊಳ್ಳೂದಿಲ್ರಿ ಅವರು."

"ಬರಕೊಳ್ಳೂಹಂಗ ಬೈತೀನಿ ತಗೊ."

ಸುವರ್ಣಾಳಿಗೆ ಸಭೆಗೆ ಹೋಗುವ ಮನಸ್ಸಿತ್ತು. ಪಟ್ಟಣಶೆಟ್ಟಿ ಬೇಕಂತಲೇ ಅವಳಿಗೆ ಆ ದಿನ ಕೋಲ್ಡ್ ಸ್ಟೋರೇಜಿನ ಕೆಲಸ ಹಚ್ಚಿದ್ದ. ಅವಳ ಜೊತೆಗಾರ ದಾದಾಪೀರನನ್ನು ಮೈಕು ನೋಡಿಕೊಳ್ಳಲು ಸಭೆಗೆ ಕಳಿಸಿದ್ದ. ಇಬ್ಬರೂ ಫೋನಿನ ಕರೆ ಕಡಿಯದೆ ಇಟ್ಟುಕೊಂಡು ಕೂತರು.

ಸಭೆ ನಡೆದದ್ದು ಮಾರುಕಟ್ಟೆ ಸಮಿತಿಯ ಭವನದಲ್ಲಿ. ನಾನ್ನೂರಕ್ಕೂ ಮಿಕ್ಕಿ ಹೆಂಗಸರು. ಕುರ್ಚಿ ಸಾಲದೆ ನೆಲದ ಮೇಲೂ ಕೂತಿದ್ದರು. ಮೊದಲು ಕಂಪನಿಯ ನಿರೂಪಣೆ. "ನಿರೂಪಣೆ ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ, ಮಾತಾಡಿದವರನ್ನು ಹೊರಗೆ ಕಳಿಸಲಾಗುವುದು" ಎಂದು ಗುಮಾಸ್ತ ಸಾರಿದ. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರಗಳು ಬಂದವು, ಹೋದವು. ಪಟ್ಟಣಶೆಟ್ಟಿ ನೀರು ಕುಡಿದು ಕುಡಿದು ಮಾತಾಡಿದ. ಇಷ್ಟು ಹೊತ್ತು ಒಟ್ಟಿಗೆ ಸುಮ್ಮನೆ ಕೂತದ್ದು ಆ ಹೆಂಗಸರ ಜನ್ಮದಲ್ಲೇ ಮೊದಲು. ಹೊರಗೆ ಹಾಕಿಸಿಕೊಂಡರೆ ಆಕ್ಷೇಪಣೆಯೇ ಹೋಗುತ್ತದಲ್ಲ ಎಂದು ಕೆಮ್ಮನ್ನೂ ಸೆರಗಿನಲ್ಲಿ ಹಿಡಿದರು.

ಕೋಲ್ಡ್ ಸ್ಟೋರೇಜಿನ ಪರದೆಯಲ್ಲಿ ಹಸಿರು ದೀಪಗಳು ಒಂದೊಂದಾಗಿ ನೀಲಿಯಾದವು. ದನಿಗಳು ಮಲಗುತ್ತಿದ್ದವು. ಸುವರ್ಣಾ ನೋಡಿದಳು. ಮೌನಕ್ಕೆ ಮಲಗುತ್ತವೆ, ಮಾತಿಗೆ ಏಳುತ್ತವೆ, ಅದರಲ್ಲೇನಿದೆ ಎಂದುಕೊಂಡಳು. ಕಡೆಗೆ ಇಡೀ ಪರದೆ ನೀಲಿಯಾಯಿತು.

"ಈಗ ಆಕ್ಷೇಪಣೆ ಇರುವವರು ಹೇಳಬಹುದು," ಅಧ್ಯಕ್ಷೆ ಅಂದದ್ದು ಫೋನಿನಲ್ಲಿ ಕೇಳಿಸಿತು.

ನಾನ್ನೂರು ಹೆಂಗಸರು ಒಮ್ಮೆಲೇ ಎದ್ದು ಒಮ್ಮೆಲೇ ಬಾಯಿ ತೆರೆದರು.

ಸಭೆಯಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸಿತು.

"ಅಕ್ಕಾ," ದಾದಾಪೀರ ಪಿಸುಗುಟ್ಟಿದ, "ಯಾರ ದನೀನೂ ಬರವಲ್ದು."

ಪರದೆಯ ಮೇಲೆ ಮೇಸ್ತ್ರಿಯ ದೀಪ ಕೆಂಪಾಗಿತ್ತು. "ಗಾಬರಿ ಆಗಬ್ಯಾಡೋ, ಸ್ಕ್ರಿಪ್ಟ್ ಎಬ್ಬಸಾಕತ್ತೈತಿ. ಇನ್ನೇನ ಎದ್ದ." ನೆನಪು ಎದ್ದಿತು, ಮೇಸ್ತ್ರಿ ಎದ್ದ, ಬಾಗಿಲು ತೆರೆಯಿತು. ಬಾಗಿಲು ತೆರೆದದ್ದೇ ತಡ, ಮತ್ತೆ ಕೆಂಪು. ಸ್ಕ್ರಿಪ್ಟ್ ಮತ್ತೆ ಎಬ್ಬಿಸಿತು. ಮತ್ತೆ ಕೆಂಪು.

ಸಭೆಯಲ್ಲಿ ಫಕ್ಕೀರವ್ವ ಬುತ್ತಿಯ ಡಬ್ಬಿಯ ಮುಚ್ಚಳ ತೆಗೆದು ಕುರ್ಚಿಗೆ ಬಡಿಯತೊಡಗಿದಳು. ಖಾಜಾಬಿ ಚಪ್ಪಾಳೆ ತಟ್ಟಿದಳು. ಇಡೀ ಭವನ ಚಪ್ಪಾಳೆ, ಕಾಲ್ಬಡಿತ.

"ಗದ್ದಲ ಆಕ್ಷೇಪಣೆಯಾಗುವುದಿಲ್ಲ," ಅಧ್ಯಕ್ಷೆ ಅಂದರು. ಗಟ್ಟಿಯಾಗಿ ಅನ್ನಲಿಲ್ಲ, ನಿಯಮಕ್ಕೆ ಗಟ್ಟಿ ದನಿ ಬೇಕಾಗುವುದಿಲ್ಲ. "ಮಾತು ಬೇಕು. ಊಟದ ಹೊತ್ತಿನವರೆಗೆ ಕಾಯುತ್ತೇನೆ. ಆಮೇಲೆ ಆಕ್ಷೇಪಣೆ ಇಲ್ಲವೆಂದು ಬರೆದುಕೊಳ್ಳಬೇಕಾಗುತ್ತದೆ."

ಸುವರ್ಣಾ ಪರದೆಗೆ ಮುಖ ಹಚ್ಚಿ ಮೇಸ್ತ್ರಿಯ ಒಳಗನ್ನು ನೋಡಿದಳು. ಅವನಿಗೆ ಮೂರ್ಛೆ ಬಂದಿರಲಿಲ್ಲ. ಅವನು ದುಡಿಯುತ್ತಿದ್ದ. ನಾನ್ನೂರು ಮಂದಿ ಒಂದೇ ಉಸಿರಿನಲ್ಲಿ 'ನನ್ನ ದನಿ ಎಬ್ಬಿಸು' ಎಂದು ಬಾಗಿಲಿಗೆ ಬಿದ್ದಿದ್ದರು. ಮೈಮುರಿದು ದುಡಿಯುವವನಿಗೆ 'ಇದ್ದೀಯೇನು?' ಎಂಬ ಪ್ರಶ್ನೆಗೆ 'ಹೂಂ' ಅನ್ನಲು ಪುರುಸೊತ್ತು ಎಲ್ಲಿಂದ ಬರಬೇಕು? ತಡವಾಗಿ ಉತ್ತರ ಕೊಡುವವನನ್ನು ಅವಳ ಸ್ಕ್ರಿಪ್ಟ್ ಸತ್ತವನೆಂದು ತಿಳಿದು ಕೆಡವುತ್ತಿತ್ತು. ಕೆಡವಿದಾಗೆಲ್ಲ ಅವನು ಅರ್ಧ ಎಬ್ಬಿಸಿದ್ದ ದನಿಗಳೆಲ್ಲ ಮತ್ತೆ ಕೆಳಗೆ ಬೀಳುತ್ತಿದ್ದವು. ಎದ್ದಾಗೆಲ್ಲ ನಾನ್ನೂರು ಮಂದಿ ಹೊಸದಾಗಿ ಬಾಗಿಲಿಗೆ.

ಅತ್ತೆಯ ದನಿ ನಿಲ್ಲಬಾರದೆಂದು ಬರೆದದ್ದು ಅತ್ತೆಯ ಬಾಯಿ ಹಿಡಿದಿತ್ತು.

ಅವಳು ಸ್ಕ್ರಿಪ್ಟ್ ನಿಲ್ಲಿಸಲು ಕೈ ಹಾಕುವಷ್ಟರಲ್ಲಿ ಪಟ್ಟಣಶೆಟ್ಟಿಯ ಫೋನು ಬಂತು. ಸಭೆಯಿಂದ ಹೊರಗೆ ಬಂದು ಮಾತಾಡುತ್ತಿದ್ದ.

"ಸುವರ್ಣಾ, ಏನೂ ಮುಟ್ಟಬ್ಯಾಡ. ಸ್ಕ್ರಿಪ್ಟ್ ಸದಾ ನಡೀತಿರಬೇಕು ಅಂತ ಗುತ್ತಿಗಿ ಒಪ್ಪಂದದಾಗ ಐತಿ."

"ಸರ್, ಸ್ಕ್ರಿಪ್ಟ ಅವನ್ನ ಕೊಲ್ಲಾಕತ್ತೈತ್ರಿ."

"ನೀನ ಬರದೀ. ಕೊಲ್ಲೂದಿತ್ತಂದ್ರ ಅವತ್ತು ಶಾಲು ಯಾಕ ಹೊದ್ದಿ?"

"ಚಳಿ ಇತ್ರಿ ಇಲ್ಲಿ."

"ನಿಲ್ಲಿಸಿದ್ರ ನಾಳೆ ಈ ಬಾಗಿಲಿಗೆ ಬರೂದ ಬ್ಯಾಡ, ತಿಳೀತೇನ?"

"ತಿಳೀತ್ರಿ," ಎಂದು ಅವಳು ಅವನ ಕರೆ ಕಡಿದು ಸ್ಕ್ರಿಪ್ಟ್ ನಿಲ್ಲಿಸಿದಳು.

ಈಗ ಮೇಸ್ತ್ರಿಯನ್ನು ಯಾರೂ ಕೆಡವಲಿಲ್ಲ. ಆದರೂ ಒಂದು ದನಿಯೂ ಏಳಲಿಲ್ಲ. ತಾಯತಗಳಿಗೆ ತಾಳ್ಮೆಯಿಲ್ಲ; ತುಸು ಹೊತ್ತು ಕೇಳಿ, ಉತ್ತರವಿಲ್ಲದಿದ್ದರೆ ಕೈಬಿಟ್ಟು ಮತ್ತೆ ಮೊದಲಿನಿಂದ ಕೇಳುತ್ತವೆ. ಮೇಸ್ತ್ರಿ ಒಬ್ಬಳ ದನಿ ಎಬ್ಬಿಸಿ ತಿರುಗುವಷ್ಟರಲ್ಲಿ ಕೇಳಿದವಳು ಅಲ್ಲಿಲ್ಲ. ಗುಂಪಿನ ಹಿಂದೆ ಹೋಗಿ ಮತ್ತೆ ಕೂಗುತ್ತಿದ್ದಾಳೆ. ಸುವರ್ಣಾಳಿಗೆ ತವರಿನ ಓಣಿ ನೆನಪಾಯಿತು. ವಾರಕ್ಕೊಮ್ಮೆ ನೀರು ಬಿಡುವ ನಳ. ಎಲ್ಲರೂ ಒಮ್ಮೆಲೇ ಬಿದ್ದರೆ ಯಾರ ಕೊಡವೂ ತುಂಬುವುದಿಲ್ಲ. ನೀರು ಕಾಲಡಿಗೇ ಹರಿದುಹೋಗುತ್ತದೆ. ಅದಕ್ಕೆಂದೇ ಹೆಂಗಸರು ಕೊಡ ಸಾಲಾಗಿ ಇಟ್ಟು ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದರು. ಕೊಡ ನಿಂತರೆ ಹೆಂಗಸು ನಿಂತ ಹಾಗೆ. ಕೊಡ ಕೂಗುವುದಿಲ್ಲ, ನುಗ್ಗುವುದೂ ಇಲ್ಲ.

"ದಾದಾಪೀರ! ಎಲ್ಲಾರಿಗೂ ತಾಯತ ಬಿಚ್ಚಾಕ ಹೇಳು, ಕೊರಳಾಗ ಇಲ್ಲದ ತಾಯತ ಕೂಗೂದಿಲ್ಲ. ಬಿಚ್ಚಿ ಮೇಜಿನ ಮ್ಯಾಲೆ ನಳದ ಮುಂದ ಕೊಡ ಹಚ್ಚಿದಂಗ ಹಚ್ಚಲಿ. ಒಬ್ಬಾಕಿ ಕಟ್ಟಿಕೊಂಡು ದನಿ ಬಂದ ಮ್ಯಾಲೆ ಇನ್ನೊಬ್ಬಾಕಿ. ಮತ್ತ ಕೇಳು, ದನಿ ಬಂದಾಕಿ ಸುಮ್ಮನಿರಬಾರದು. ಹಾಡಲಿ, ಗುನುಗಲಿ, ಮೊಮ್ಮಕ್ಕಳ ಹೆಸರ ಹೇಳಲಿ. ಸುಮ್ಮನಾದ್ರ ಮತ್ತ ಮಲಗತಾವ."

ದಾದಾಪೀರ ಮೈಕಿನಲ್ಲಿ ಅದನ್ನು ಹೇಳಿದ. ಬೇರೆ ಊರಾಗಿದ್ದರೆ ಇದನ್ನು ತಿಳಿಸಿಹೇಳಲು ಅರ್ಧ ದಿನ ಬೇಕಿತ್ತು. ಕೆಂಗೊಂಡದವರಿಗೆ 'ಕೊಡ' ಎಂಬ ಮಾತು ಸಾಕಾಯಿತು. ತಾಯತಗಳು ಸರಸರ ಬಿಚ್ಚಿಕೊಂಡವು. ಮೇಜು ಸಾಲದೆ ವೇದಿಕೆಯ ಅಂಚಿಗೂ ಸಾಲು ಹರಿಯಿತು. ಅಲ್ಲೂ ಜಗಳ. ಒಬ್ಬಳ ತಾಯತವನ್ನು ಇನ್ನೊಬ್ಬಳು ಸರಿಸಿದಳು. ಸರಿಸಿದವಳ ಕೈಗೆ ಫಕ್ಕೀರವ್ವ ಡಬ್ಬಿಯ ಮುಚ್ಚಳದಿಂದ ಒಂದು ಕೊಟ್ಟಳು. ಆ ಊರಿನ ನಳದಲ್ಲಿ ಪಾಳಿ ಹಚ್ಚಿಸಿದವಳು ಎಲ್ಲರ ಕೊಡ ತುಂಬಿದ ಮೇಲೇ ತನ್ನದು ಹಿಡಿಯಬೇಕು. ಇಲ್ಲದಿದ್ದರೆ ಅವಳ ಮಾತಿಗೆ ಬೆಲೆಯಿಲ್ಲ. ಫಕ್ಕೀರವ್ವ ತನ್ನ ತಾಯತವನ್ನು ಸಾಲಿನ ಕಟ್ಟಕಡೆಗೆ ಇಟ್ಟಳು.

ಸಾಲಿನ ಮೊದಲು ಖಾಜಾಬಿ. ಕಟ್ಟಿಕೊಂಡಳು. ಎಲ್ಲರೂ ಅವಳ ಕೊರಳನ್ನೇ ನೋಡಿದರು. ಕೋಲ್ಡ್ ಸ್ಟೋರೇಜಿನ ನೀಲಿ ಪರದೆಯಲ್ಲಿ ಒಂದು ಹಸಿರು ಚುಕ್ಕಿ ಹತ್ತಿತು.

"ಬಂತವಾ!" ಎಂದಳು ಖಾಜಾಬಿ. ಸಭೆಯ ಮೊದಲ ಆಕ್ಷೇಪಣೆ ಅದು. ಆಮೇಲೆ ಸೆರಗು ಸರಿಮಾಡಿಕೊಂಡು ಮೈಕಿಗೆ ಹೇಳಿದಳು: "ಮೇಡಮ್ಮಾರ, ನನಗ ಹಾಕಿದ್ದು ಹಗಲ ಪಾಳಿ. ಮೊಮ್ಮಗಳು ಕಥಿ ಕೇಳೂದು ಮಲಗೂ ಮುಂದ. ಹಗಲ ಕಥಿ ಹೇಳಿದ್ರ ದಾರ್ಯಾಗ ಹೋಗೂ ಸೋದರಮಾವ ದಾರಿ ತಪ್ಪತಾನಂತ ಅಂತಾರ. ಆಕಿಗೆ ಸೋದರಮಾವ ಆಗಾಂವ ನನ್ನ ಮಗ, ಅವನ ಗತಿ ಏನು?"

ನಕ್ಕವರಿಗೆ ದನಿಯಿರಲಿಲ್ಲ. ಅಧ್ಯಕ್ಷೆಯ ಪೆನ್ನು ಮಾತ್ರ ಒಂದು ಗಳಿಗೆ ತಡೆದು ಬರೆಯಿತು.

ಎರಡನೆಯವಳು ಎದ್ದಳು, ಮೂರನೆಯವಳು ಎದ್ದಳು. ಮೈಕಿನಲ್ಲಿ ಒಬ್ಬಳು ಹೇಳಿ ಮುಗಿಸುವಷ್ಟರಲ್ಲಿ ಸಾಲಿನ ಹತ್ತಾರು ತಾಯತಗಳು ಒಂದರ ಹಿಂದೊಂದು ಕೊರಳೇರುತ್ತಿದ್ದವು. ಒಬ್ಬಳು ಸೂಲಗಿತ್ತಿ, ಕೂಸು ಪಾಳಿ ನೋಡಿ ಹುಟ್ಟುವುದಿಲ್ಲ ಎಂದಳು. ಇನ್ನೊಬ್ಬಳು, ಗಂಡ ಕುಡಿದು ಬರುವುದು ರಾತ್ರಿ, ತನ್ನ ದನಿ ಮುಂಜಾನೆ, ಮುಂಜಾನೆ ಬೈದರೆ ಅವನಿಗೆ ನೆನಪೇ ಇರುವುದಿಲ್ಲ ಎಂದಳು. ದನಿ ಬಂದವರು ಗೋಡೆಗೆ ಹೋಗಿ ನಿಂತು ಗುನುಗತೊಡಗಿದರು. ಒಬ್ಬಳು ಬೀಸುವ ಪದ, ಒಬ್ಬಳು ಮಗ್ಗಿ, ಒಬ್ಬಳು ನೆಂಟರ ಹೆಸರು. ಭವನದ ಅಂಚಿನಿಂದ ಜೇನುಗೂಡಿನ ಸದ್ದು ಮೇಲೇಳುತ್ತ ಬಂತು. ಸುವರ್ಣಾಳ ಪರದೆಯಲ್ಲಿ ಹಸಿರು ಸಾಲುಸಾಲಾಗಿ ಹರಡಿತು. ಮೇಸ್ತ್ರಿ ಏದುಸಿರು ಬಿಡುತ್ತಿದ್ದ, ಆದರೆ ನಿಂತಿದ್ದ.

ಊಟದ ಹೊತ್ತು ಹತ್ತಿರವಾಯಿತು. ಪಟ್ಟಣಶೆಟ್ಟಿ ಎದ್ದು ನಿಂತ. ಮುಖದಲ್ಲಿ ಸಿಟ್ಟಿನ ಬದಲು ಖುಷಿಯಿತ್ತು.

"ಮೇಡಂ, ಒಂದು ವಿಷಯ ಗಮನಿಸಬೇಕು. ಇವರೆಲ್ಲ ಎಷ್ಟು ಶಿಸ್ತಿನಿಂದ ಪಾಳಿಯಲ್ಲಿ ಮಾತಾಡಿದರು! ಯಾರೂ ಬಲವಂತ ಮಾಡಲಿಲ್ಲ. ಪಾಳಿ ದನಿ ಸಾಧ್ಯವೇ ಎಂಬುದು ನಮ್ಮ ಮುಂದಿದ್ದ ಪ್ರಶ್ನೆ. ಇವರೇ ಉತ್ತರ ತೋರಿಸಿದ್ದಾರೆ."

ಅಧ್ಯಕ್ಷೆ ತಲೆಯಾಡಿಸಿ ಏನೋ ಬರೆದುಕೊಂಡರು. ಅಷ್ಟನ್ನೂ ಸುವರ್ಣಾ ಫೋನಿನಲ್ಲಿ ಕೇಳಿದಳು. ಪಾಳಿ ಹಚ್ಚಿಸಿದವಳು ತಾನು. ಅತ್ತೆಯ ಕೊರಳಿಗೆ ಹಗ್ಗ ಹುಡುಕಿಕೊಟ್ಟವಳೂ ತಾನೇ ಆದೆನೇನು? ಪರದೆಯಲ್ಲಿ ಒಂದೇ ಒಂದು ನೀಲಿ ದೀಪ ಉಳಿದಿತ್ತು. ಮೇಸ್ತ್ರಿ ಅದರ ಬಳಿಗೆ ಬಂದ. ತಡ ಮಾಡಿದ. ಸುವರ್ಣಾ ಅವನನ್ನು ಏನೂ ಕೇಳದೆ ಸುಮ್ಮನೆ ಕೂತಳು.

ದೀಪ ಹಸಿರಾಯಿತು.

"ಸಾಹೇಬ ಚೊಲೋ ಹೇಳಿದ," ಫಕ್ಕೀರವ್ವ ಮೈಕಿನ ಮುಂದೆ ಶುರುಮಾಡಿದಳು. "ಪಾಳಿ ನಮಗ ಹೊಸಾದಲ್ಲ ಮೇಡಮ್ಮಾರ. ಹುಟ್ಟಿದಾಗಿಂದ ಪಾಳ್ಯಾಗ ನಿಂತೀವಿ. ರೇಷನ್ ಪಾಳಿ, ದವಾಖಾನಿ ಪಾಳಿ, ನಳದ ಪಾಳಿ. ನಾವು ಪಾಳಿ ಹಚ್ಚೂದು ಕಡೀಕ ಎಲ್ಲಾರ ಮನ್ಯಾಗೂ ನೀರ ಇರಲಿ ಅಂತ. ಈತನ ಪಾಳಿ ಹಂಗಲ್ಲ. ಖಾಜಾಬಿ ಕೊಡ ತುಂಬಬೇಕಂದ್ರ ನನ್ನ ಕೊಡ ಚೆಲ್ಲಬೇಕು ಅಂತೈತಿ ಅದು." ಅವಳು ಹಿಂದೆ ತಿರುಗಿದಳು. "ಏನವಾ, ಎಲ್ಲಾರ ಕೊಡಾನೂ ತುಂಬ್ಯಾವೇನ?"

ಗುನುಗುತ್ತಿದ್ದ ನಾನ್ನೂರು ಮಂದಿ ಒಟ್ಟಿಗೆ ಉತ್ತರ ಕೊಟ್ಟರು. ಉತ್ತರ 'ಹೌದು' ಎಂಬುದಕ್ಕೆ ನಿಲ್ಲಲಿಲ್ಲ. ಬೆಳಗಿನಿಂದ ಕಟ್ಟಿಟ್ಟದ್ದೂ, ವರ್ಷಗಳಿಂದ ಕಟ್ಟಿಟ್ಟದ್ದೂ ಒಮ್ಮೆಲೇ ಬಂತು. ಸಿಂಪಡಣೆ, ಕೋರ್ಟು, ಸತ್ತವರು, ಮೊಮ್ಮಕ್ಕಳು, ಮನೆಗೆ ಹೋದ ಮೂವರು ಹುಡುಗಿಯರ ಹೆಸರು. ಭವನದ ತಗಡು ನಡುಗಿತು.

"ಒಬ್ಬೊಬ್ಬರೇ! ದಯವಿಟ್ಟು ಒಬ್ಬೊಬ್ಬರೇ ಮಾತಾಡಿ!" ಅಧ್ಯಕ್ಷೆ ಮೇಜು ತಟ್ಟಿದರು. "ಉಳಿದವರು ಸುಮ್ಮನಿರಿ!"

"ಆಗಲ್ರಿ," ಎಂದಳು ಫಕ್ಕೀರವ್ವ. "ಯಾರು ಸುಮ್ಮನಿರಬೇಕು, ನೀವ ಆರಿಸ್ರಿ."

ಅಧ್ಯಕ್ಷೆ ಬಾಯಿ ತೆರೆದರು. ಗೋಡೆಗೆ ನಿಂತ ಸೂಲಗಿತ್ತಿಯ ಮೇಲೆ ಅವರ ಕಣ್ಣು ಬಿತ್ತು. ಅಲ್ಲಿಂದ ಖಾಜಾಬಿಗೆ ಹೋಯಿತು, ಕುಡುಕನ ಹೆಂಡತಿಗೆ ಹೋಯಿತು, ಗೋಡೆಯುದ್ದಕ್ಕೂ ಹೋಗಿ ತಿರುಗಿ ಬಂತು. ಬೆರಳು ಎತ್ತಿದ್ದರು. ಅದನ್ನು ಯಾರ ಕಡೆಗೂ ತೋರಿಸಲಾಗದೆ ಇಳಿಸಿದರು. ಪಟ್ಟಣಶೆಟ್ಟಿ ಏನೋ ಹೇಳುತ್ತಿದ್ದ. ಗದ್ದಲದಲ್ಲಿ ಅವನ ತುಟಿಯಷ್ಟೇ ಆಡುತ್ತಿತ್ತು. ಅಧ್ಯಕ್ಷೆ ಗುಮಾಸ್ತನ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಬೇಕಾಯಿತು: "ಎಲ್ಲರ ಆಕ್ಷೇಪಣೆಯೂ ಇದೆ ಎಂದು ಬರೆಯಿರಿ. ಪಾಳಿ ದನಿಗೆ ಒಪ್ಪಿಗೆ ಇಲ್ಲ."

ಕೋಲ್ಡ್ ಸ್ಟೋರೇಜಿನಲ್ಲಿ ಪರದೆ ತುಂಬ ಹಸಿರು. ಅಷ್ಟೂ ದನಿ ಒಟ್ಟಿಗೆ ಎಚ್ಚರವಿದ್ದದ್ದನ್ನು ಆ ಕಬ್ಬಿಣ ಕಂಡಿರಲಿಲ್ಲ. 'ನಾಳೆಯಿಂದ ಬರಬೇಡ' ಎಂಬ ಸಂದೇಶ ಸುವರ್ಣಾಳ ಫೋನಿಗೆ ಬಂದಿತ್ತು. ನಾಳೆಗೆ ಇನ್ನೂ ಹೊತ್ತಿತ್ತಲ್ಲ. ಅವಳು ಸ್ಕ್ರಿಪ್ಟ್ ತೆರೆದು ಪ್ರಶ್ನೆ ಬದಲಿಸಿದಳು. ಇನ್ನು ಮುಂದೆ ಅದು 'ಇದ್ದೀಯೇನು?' ಎಂದು ಕೇಳಿ ಮುಗಿಸುವುದಿಲ್ಲ. ಉತ್ತರ ಬರದಿದ್ದರೆ ಕೆಲಸ ಸಾಗುತ್ತಿದೆಯೇ ಎಂದು ನೋಡುತ್ತದೆ, ಸಾಗುತ್ತಿದ್ದರೆ ಕಾಯುತ್ತದೆ. ಕೆಡವುವ ಮೊದಲು ಒಬ್ಬ ಮನುಷ್ಯನನ್ನು ಕರೆಯುತ್ತದೆ. ಮನುಷ್ಯರನ್ನು ಇಡುವುದು ಕಂಪನಿಗೆ ಬಿಟ್ಟದ್ದು. ಇಡದಿದ್ದರೆ ಸ್ಕ್ರಿಪ್ಟ್ ಕರೆಯುತ್ತಲೇ ಇರುತ್ತದೆ.

ದಾದಾಪೀರನ ಫೋನಿನಿಂದ ಅತ್ತೆ ಮಾತಾಡಿದಳು. ಹಿಂದೆ ಇನ್ನೂ ಸಂತೆಯಂಥ ಸದ್ದು.

"ಏ ಸುವರ್ಣಾ, ಉಂಡ್ಯೇನ?"

"ಇಲ್ರಿ ಅತ್ತಿ. ಕೆಲಸ ಹೋತ್ರಿ."

"ಹೋಗತೈತಿ ಅಂತ ಆ ಪಟ್ಟಣಶೆಟ್ಟಿ ಮಾರಿ ನೋಡೇ ಗೊತ್ತಾತು. ನಾಳೆ ಎಲ್ಲಾರೂ ಬರ್ತೀವಿ ನಿನ್ನ ಕೋಲ್ಡ್ ಸ್ಟೋರೇಜಿನ ಬಾಗಲಕ. ನಿನ್ನೂ ಆ ಹುಡಿಗ್ಯಾರ್ನೂ ಒಳಗ ತಗೊಳ್ಳೂತನಕ ಏಳೂದಿಲ್ಲ. ಅದಿರಲಿ, ಕಡೀಕ ನಾವು ಕೂಗಿದ್ದು ಕೇಳಿಸ್ತೇನ?"

"ಕೇಳಿಸ್ತ್ರಿ. ಫೋನ್ ದೂರ ಹಿಡಿಯೋಹಂಗ ಆತು."

"ಅದರಾಗ ನಂದು ಯಾವುದಂತ ಗೊತ್ತಾತೇನ?"

ಸುವರ್ಣಾ ಯೋಚಿಸಿದಳು. ಆ ದನಿಯ ಏರಿಳಿತವನ್ನೆಲ್ಲ ಕೂತು ತಿದ್ದಿದವಳು ಅವಳೇ. ಕತ್ತಲಲ್ಲಿ ಎಬ್ಬಿಸಿ ಕೇಳಿದರೂ ಗುರುತಿಸುತ್ತಿದ್ದಳು. ಇವತ್ತು ಮಾತ್ರ ನಾನ್ನೂರೂ ಒಂದೇ ದನಿಯಾಗಿತ್ತು.

"ಇಲ್ರಿ ಅತ್ತಿ. ಗೊತ್ತಾಗಲಿಲ್ಲ."

ಅತ್ತ ಕಡೆ ಫಕ್ಕೀರವ್ವ ಪಕ್ಕದವಳಿಗೆ ಹೇಳಿದ್ದು ಕೇಳಿಸಿತು, ದನಿಯ ತುಂಬ ನಗು: "ಗೊತ್ತಾಗಲಿಲ್ಲಂತವಾ ಖಾಜಾಬಿ! ಒಂದೂ ಗೊತ್ತಾಗಲಿಲ್ಲಂತ!"